ಮುಟ್ಟಬಾರದ್ದನ್ನು ಕೊಂದ ಕರ್ನೆಲ್

ಸಹೋದ್ಯೋಗಿ ಶರಣಮ್ಮ ಅಕ್ಕನ ಅಪ್ಪ ಮೇಲಿಂದ ಕೈಚಾಚಿ ನಮ್ಮ ಸರ್ವರ್ ಉಳಿಸಿದರೆಂದು ಗಚ್ಚಿಬೌಲಿಯ ಆಫೀಸಿನಲ್ಲಿ ಈಗಲೂ ಹೇಳುತ್ತಾರೆ. ಈ ವಾದಕ್ಕೆ ಬುಡವಿಲ್ಲ. ಆ ಹೊತ್ತಿಗೆ ಅವರಿನ್ನೂ ಬದುಕಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ ದೇವರನ್ನೆಲ್ಲ ಅಲ್ಲಗಳೆದೇ ಕಪ್ ಗೆದ್ದವನು ನಾನು. ಆದರೂ ಕಂಡದ್ದನ್ನು ಹೇಳಬೇಕಲ್ಲ.

ಯಂತ್ರದ ಮೆಮೊರಿ ತುಂಬಿಹೋದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಒಂದು ಪ್ರೋಗ್ರಾಮನ್ನು ಕೊಂದು ಉಳಿದವನ್ನು ನಡೆಸುತ್ತದೆ. ಸಾಮಾನ್ಯವಾಗಿ ಹೆಚ್ಚು ಜಾಗ ತಿಂದದ್ದೇ ಬಲಿ. 'ಮುಟ್ಟಬೇಡ' ಎಂದು ಗುರುತು ಹಾಕಿದ್ದರ ಗೊಡವೆಗೆ ಅದು ಹೋಗುವುದಿಲ್ಲ. ಮೆಹದಿಪಟ್ಟಣಂ ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದಂತೆ ನಾವೆಲ್ಲ ನಮ್ಮ ನಮ್ಮ ಪ್ರೋಗ್ರಾಮಿಗೆ ಗುರುತು ಹಾಕಿಕೊಂಡಿದ್ದೆವು. ನನ್ನದು ದಿನದ ರಿಪೋರ್ಟು ತಯಾರಿಸುವ ಪುಟ್ಟ ಪ್ರೋಗ್ರಾಮು.

"ನಿನ್ನ ರಿಪೋರ್ಟಿಗೂ ಗುರುತು ಬೇಕೇನೋ ವಾದಪಂಡಿತ? ಅದು ಸತ್ರ ಯಾರು ಅಳ್ತಾರ?" ಎಂದು ಅಕ್ಕ ಕಾಡುತ್ತಿದ್ದರು.

"ನೀವ ಅಳ್ರಿ ಅಕ್ಕಾ," ಎನ್ನುತ್ತಿದ್ದೆ.

ಅಕ್ಕನದು ಆಂಬುಲೆನ್ಸ್ ಕರೆಗಳನ್ನು ಡ್ರೈವರುಗಳಿಗೆ ಮುಟ್ಟಿಸುವ ಪ್ರೋಗ್ರಾಮು, ಎಲ್ಲಕ್ಕಿಂತ ದೊಡ್ಡದು. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಗುರುತು ಅಳಿಯುತ್ತದೆ, ಕೈಯಾರೆ ಹಾಕಬೇಕು. ಆ ಮಧ್ಯಾಹ್ನ ಅಕ್ಕ ಅದನ್ನು ಮತ್ತೆ ಶುರು ಮಾಡಿದ್ದರಷ್ಟೇ, ತಮ್ಮನ ಫೋನ್ ಬಂತು. ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ವಿಷಾನಿಲ ಸೋರಿದೆ, ಅಪ್ಪ ಒಳಗಿದ್ದಾರೆ. ಅಕ್ಕ ಎದ್ದು ಕಿಟಕಿಯ ಬಳಿ ಹೋದರು. ಗುರುತು ಹಾಕುವುದು ಹಾಗೇ ಉಳಿಯಿತು. ಅಷ್ಟರಲ್ಲಿ ಕರೆಗಳು ನುಗ್ಗಿ ಮೆಮೊರಿ ತುಂಬಿತು. ನಾನೇ ಗುರುತು ಹಾಕೋಣವೆಂದು ಕೀಲಿ ಒತ್ತಿದರೆ ಅಕ್ಷರವೂ ಮೂಡಲಿಲ್ಲ.

"ಅಕ್ಕಾ, ನಿಮ್ದು ಹೋಗ್ತದ್ರಿ! ಅದಕ್ಕ ಗುರುತಿಲ್ರಿ!" ಎಂದು ಕೂಗಿದೆ. ಅದು ಸತ್ತರೆ ಜೀಡಿಮೆಟ್ಲಾಕ್ಕೆ ಯಾವ ಗಾಡಿಯೂ ಹೋಗುತ್ತಿರಲಿಲ್ಲ.

ಅಕ್ಕ ತಿರುಗಲಿಲ್ಲ. ಕರೆ ಮುಗಿದ ಫೋನ್ ಕಿಟಕಿಯ ಕಟ್ಟೆಯ ಮೇಲಿತ್ತು. "ಅದನ್ನ ಬಿಡು. ಬ್ಯಾರೇದು ಏನರ ತಗೋ," ಎಂದರು, ಮೆಲ್ಲಗೆ, ಹೊರಗೆ ನೋಡುತ್ತಲೇ.

ಸತ್ತದ್ದು ನನ್ನ ರಿಪೋರ್ಟು. ಚಿಕ್ಕದು, ಗುರುತಿದ್ದದ್ದು. ಅಕ್ಕನದು ನಡೆಯುತ್ತಲೇ ಇತ್ತು. ಗಾಡಿಗಳು ಹೋದವು. ಕಾರ್ಖಾನೆಯ ಇಬ್ಬರು ಕಾರ್ಮಿಕರು ಬದುಕುಳಿದರು. ಅಕ್ಕನ ಅಪ್ಪ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು.

ಕಾಕತಾಳೀಯ ಎನ್ನಬಹುದು. ನಾನೂ ಅಂದುಕೊಂಡೆ. ಆ ಹೊತ್ತಿನಲ್ಲಿ ಯಾರಾದರೂ ಗುರುತು ಬದಲಿಸಿದರೇ ಎಂದು ಸರ್ವರಿನ ದಾಖಲೆಗಳಲ್ಲಿ ಹುಡುಕಿದೆ, ಯಾರೂ ಬದಲಿಸಿರಲಿಲ್ಲ. ಕರ್ನೆಲ್ಲಿನ ದೋಷವಿರಬಹುದೆಂದು ಅದೇ ಸ್ಥಿತಿಯನ್ನು ಬೇರೊಂದು ಯಂತ್ರದಲ್ಲಿ ಮತ್ತೆ ಮತ್ತೆ ಕಟ್ಟಿ ನೋಡಿದೆ. ಪ್ರತಿ ಸಲವೂ ಸಾಯುವುದು ಅಕ್ಕನ ಪ್ರೋಗ್ರಾಮೇ.

ಕರ್ಮಾಂತರ ಮುಗಿಸಿ ಅಕ್ಕ ಕೆಲಸಕ್ಕೆ ಮರಳಿದರು. ಮೊದಲು ಮಾಡಿದ್ದು ಗುರುತು ಹಾಕುವುದನ್ನೇ. ನನ್ನ ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾ, ಆವತ್ತು 'ಬ್ಯಾರೇದು ಏನರ ತಗೋ' ಅಂದ್ರಲ್ಲ, ಅದನ್ನ ಯಾರಿಗೆ ಹೇಳಿದ್ರಿ?"