ಹಗ್ಗ ಎಳೆದಾಗ ಊದಿದ ರಾಗ

ಕಾರ್ನೆಟ್ ಎಂಬ ತುತ್ತೂರಿ ಊದಿ ಊದಿ ಅವರ ತುಟಿಯ ಮೇಲೆ ಉಂಗುರ ಒತ್ತಿದಂಥ ಒಂದು ಗುರುತು ಬಿದ್ದಿತ್ತು. ನಕ್ಕರೆ ಆ ಉಂಗುರ ಅಗಲವಾಗುತ್ತಿತ್ತು. ಊದಲು ನಿಂತರೆ ಹಿತ್ತಾಳೆಯ ಹಿಂದೆ ಮಾಯವಾಗಿ, ಕೆನ್ನೆಗಳೆರಡೂ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತಿದ್ದವು. ಆಂಡರ್ಸನ್‌ಪೇಟೆಯ ಚಿನ್ನದ ಗಣಿಯ ಜನರಿಗೆಲ್ಲ ಅವರು ಬ್ಯಾಂಡ್ ಮೇಷ್ಟ್ರು.

ಮನೆಮಾತು ತಮಿಳು, ಭಾನುವಾರ ಇಗರ್ಜಿ. ನಮ್ಮೊಡನೆ ಕನ್ನಡ, ಆಂಧ್ರದ ಕಡೆಯವರೊಡನೆ ತೆಲುಗು. ತಾಳ ತಪ್ಪಿದ ಡೋಲಿನವನನ್ನು ಬೈಯಲು ಮಾತ್ರ ತಮಿಳೇ ಬೇಕಿತ್ತು. ಮದುವೆಗೂ ಅವರೇ, ಹೆಣದ ಮುಂದೆಯೂ ಅವರೇ. "ಸತ್ತೋರು ಅಪಸ್ವರ ಕ್ಷಮಿಸ್ತಾರೆ, ಗಂಡಿನ ಸೋದರಮಾವ ಕ್ಷಮಿಸಲ್ಲ" ಎನ್ನುತ್ತಿದ್ದರು. ಕೋಟಿನ ಗುಂಡಿ ಹೋಗಿದ್ದರೆ ಚಿಂತೆಯಿಲ್ಲ, ಬ್ಯಾಂಡಿನ ಯಾರ ಟೋಪಿಯೂ ಸೊಟ್ಟಗಿರಬಾರದು.

ಗಣಿ ಕಚೇರಿಯ ಮುಂದೆ ಇಂಗ್ಲೆಂಡಿನ ರಾಜನ ಹುಟ್ಟುಹಬ್ಬಕ್ಕೆ ಬಾವುಟ ಏರಿಸುವಾಗ ಊದುತ್ತಿದ್ದವರೂ ಅವರೇ. ಊದುವಾಗ ಬಾವುಟದ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಗ್ಗದ ಮೇಲೆ. ಹಗ್ಗ ಎಳೆದ ಕೂಡಲೇ ರಾಜನ ರಾಗ. ತಲೆ ನರೆಯುವ ತನಕ ಇದೇ ಪಾಠ.

ನಾನಾಗ ಬೇತಮಂಗಲದ ಹತ್ತಿರದ ಹಳ್ಳಿಯಿಂದ ಬಂದು, ಹೈಸ್ಕೂಲು ಮುಗಿಸಿ, ದಿನಸಿ ಸಾಹುಕಾರರ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಸ್ವಾತಂತ್ರ್ಯ ಬರುವುದು ಖಚಿತವಾದಾಗ ನಮ್ಮ ಬೀದಿಯ ಉತ್ಸವಕ್ಕೆ ಸಾಹುಕಾರರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಬಂಗಾರಪೇಟೆಯ ಬ್ಯಾಂಡ್ ಸಿಗಲಿಲ್ಲ. ಒಲ್ಲದ ಮನಸ್ಸಿನಿಂದ ಸೈಕಲ್ ಹತ್ತಿ ಮೇಷ್ಟ್ರ ಮನೆಗೆ ಹೋದೆ. ಅವರ ಮುಖ ಅರಳಿತು.

"ಬತ್ತೀನಿ ತಂಬಿ, ಬರದೆ ಇರ್ತೀನಾ? ನಿಮ್ಮ ಬಾವುಟದ ಹೊಸ ಹಾಡು ನಮಗೆ ಬರಲ್ಲ. ಹಾಡೋರು ಯಾರನ್ನಾದ್ರೂ ಕಳಿಸಿ, ಒಂದು ಸಾಯಂಕಾಲದಲ್ಲಿ ಹಿಡ್ಕೊಂಡುಬಿಡ್ತೀನಿ."

"ನಾಳೆ ಕಳಿಸ್ತೀನಿ" ಎಂದೆ. ಕಳಿಸಲಿಲ್ಲ. ಪುರುಸೊತ್ತು ಇಲ್ಲದೆ ಅಲ್ಲ. ದೊರೆಗಳಿಗೆ ಊದಿದ ಬಾಯಿ, ಅದೂ ನಮ್ಮವರದಲ್ಲದ ಬಾಯಿ. ಅದಕ್ಕೆ ನಮ್ಮ ಹಾಡು ಕಲಿಸಿದರೆ ಹಾಡೇ ಮೈಲಿಗೆಯಾದೀತು ಎಂಬುದು ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಬ್ಯಾಂಡು ಮೆರವಣಿಗೆಯಲ್ಲಿ ಡೋಲು ಬಡಿದರೆ ಸಾಕು ಅಂದುಕೊಂಡೆ. ಅದನ್ನೂ ಅವರಿಗೆ ಹೇಳಲಿಲ್ಲ.

ಆ ದಿನ ಬೀದಿ ತುಂಬ ಮಾವಿನ ತೋರಣ. ಚಾಂಪಿಯನ್ ರೀಫ್ಸ್ ಗಣಿಯಿಂದ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರ ಮೈಮೇಲೆ ಇನ್ನೂ ಗಣಿಯ ಧೂಳಿತ್ತು. ಸಾಹುಕಾರರು ಹಗ್ಗ ಎಳೆದರು. ಮೂರು ಬಣ್ಣದ ಬಾವುಟ ಬಿಚ್ಚಿಕೊಂಡಿತು, ಹೂವು ಉದುರಿತು. ಅದೇ ಗಳಿಗೆಗೆ ಮೇಷ್ಟ್ರ ಕಾರ್ನೆಟ್ಟು, ಅದರ ಹಿಂದೆ ಇಡೀ ಬ್ಯಾಂಡು, ಇಂಗ್ಲೆಂಡಿನ ರಾಜನ ರಾಗವನ್ನು ಗಟ್ಟಿಯಾಗಿ ಮೊಳಗಿಸಿದವು.

ಆಮೇಲೆ ಆದದ್ದನ್ನು ನಾನು ಯಾರಿಗೂ ಹೇಳಿಲ್ಲ. ರಾಗ ಕೇಳಿದ್ದೇ ತಡ, ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು, ಕೈ ಹಣೆಗೆ ಹೋಯಿತು. ಶಾಲೆಯಲ್ಲಿ ಹಾಗೆಯೇ ನಿಲ್ಲಿಸುತ್ತಿದ್ದರು. ಪಕ್ಕಕ್ಕೆ ನೋಡಿದರೆ ಗಾಂಧಿ ಟೋಪಿಯವರೆಲ್ಲ ಕಂಬದಂತೆ ನೆಟ್ಟಗೆ ನಿಂತಿದ್ದಾರೆ. ಎಚ್ಚರವಾದ ಮೇಲೆ ಎಲ್ಲರಿಗೂ ಒಟ್ಟಿಗೇ ಸಿಟ್ಟು ಬಂತು.

"ಯಾವನ್ಲಾ ಇವುನ್ನ ಕರ್ಸಿದ್ದು?" ಎಂದು ಸಾಹುಕಾರರು ಗುಡುಗಿ ನನ್ನತ್ತ ತಿರುಗಿದರು.

"ನಾನು ಕರ್ದಿಲ್ಲ ಸಾಮಿ. ಅವರಾಗೇ ಬಂದ್ರು."

ಮೇಷ್ಟ್ರು ನನ್ನಿಂದ ಎರಡು ಮಾರು ದೂರದಲ್ಲಿದ್ದರು. ಕೇಳಿಸಿತು. ನನ್ನ ಮುಖ ನೋಡಿದರು. ಟೋಪಿ ತೆಗೆದು ಜನರ ಕಡೆ ತಿರುಗಿ ಕೈಮುಗಿದರು.

"ಸಾಮಿ, ತಪ್ಪಾಯ್ತು. ಸ್ವಾತಂತ್ರ್ಯ ಬಂದದ್ದು ನನ್ನ ಕಿವಿಗೆ ಗೊತ್ತು, ಬಾಯಿಗೆ ಇನ್ನೂ ಯಾರೂ ಹೇಳಿಲ್ಲ. ನಿಮ್ಮ ಕಾಲಿಗೂ ಹೇಳಿಲ್ಲಾಂತ ಕಾಣತ್ತೆ!"

ಗಣಿಯವರ ಗುಂಪಿನಿಂದ ನಗು ಎದ್ದು ಬೀದಿಯೆಲ್ಲ ಹರಡಿತು. ಮೇಷ್ಟ್ರು ಮದುವೆ ದಿಬ್ಬಣದ ರಾಗ ಎತ್ತಿದರು. ಬಾವುಟದ ಕೆಳಗೆ ಕುಣಿದೆವು ನೋಡಿ, ಯಾವ ಭಾಷೆಯವನು, ಗಣಿ ಮನೆಗಳ ಯಾವ ಲೈನಿನವನು ಎಂದು ಕೇಳದೆ! ಅಂಥ ಕುಣಿತ ನಾನು ಮತ್ತೆ ಕಂಡಿಲ್ಲ.

ಸಾಹುಕಾರರು ಮಾತ್ರ ನಗಲಿಲ್ಲ. ಮಗಳ ಮದುವೆಗೆ ಊದಲು ಮೇಷ್ಟ್ರಿಗೆ ಕೊಟ್ಟಿದ್ದ ವೀಳ್ಯವನ್ನು ವಾಪಸು ತೆಗೆದುಕೊಂಡರು. "ಕರೀದೆ ಬಂದು ಬಾವುಟಕ್ಕೆ ಅವಮಾನ ಮಾಡ್ದೋನು" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಉಳಿದ ಮನೆಯವರೂ ಹಿಂಜರಿದರು. ನನ್ನ ಒಂದು ಸುಳ್ಳಿಗೆ ಆ ಬ್ಯಾಂಡಿನವರ ಒಲೆಗಳು ಆರತೊಡಗಿದವು. ಸಾಹುಕಾರರ ಎದುರಲ್ಲೇ ಕೂತು ಚೀಟಿ ಬರೆಯುತ್ತಿದ್ದ ನಾನು ತಲೆ ಎತ್ತಲಿಲ್ಲ.

ಕಾರ್ತಿಕದಲ್ಲಿ ಬಂಗಾರಪೇಟೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಧೈರ್ಯ ಮಾಡಿ ಮೇಷ್ಟ್ರ ಬಾಗಿಲಿಗೆ ಹೋದೆ. ಅವರು ಕಾರ್ನೆಟ್ಟನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದರು.

"ಮದ್ವೆಗೆ ಬರಬೇಕು ಮೇಷ್ಟ್ರೇ."

ತಲೆ ಎತ್ತಿದರು. ತುಟಿಯ ಮೇಲಿನ ಉಂಗುರ ಅಗಲವಾಯಿತು. "ನೀವು ಕರೀತಿದ್ದೀರಾ ತಂಬಿ? ಇಲ್ಲಾ, ನಾನೇ ಬಂದುಬಿಡ್ಲಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗೆಯ ಮುಂದೆ ವೀಳ್ಯ ಇಟ್ಟು ಸೈಕಲ್ ಹತ್ತಿದೆ.

ಮದುವೆಯ ದಿನ ಮೇಷ್ಟ್ರು ಚಪ್ಪರದ ಬಾಗಿಲಲ್ಲಿ ನಿಂತಿದ್ದನ್ನು ಕಂಡು, ಮುಖ್ಯ ಅತಿಥಿಗಳಾಗಿ ಬಂದಿದ್ದ ಸಾಹುಕಾರರು ಹುಬ್ಬು ಗಂಟಿಕ್ಕಿದರು. "ಇಲ್ಲೂ ತಾನಾಗೇ ಬಂದವ್ನಾ?"

ಬಾಸಿಂಗ ಕಟ್ಟಿಕೊಂಡಿದ್ದವನು ಎದ್ದು ನಿಂತೆ. "ಇಲ್ಲ ಸಾಮಿ, ನಾನೇ ಕರ್ದೆ. ಅವತ್ತೂ ನಾನೇ ಕರ್ದಿದ್ದು. ಹಾಡು ಕಲಿಸಿ ಅಂತ ಅವ್ರು ಕೇಳ್ಕಂಡ್ರು, ಕಲಿಸ್ದೆ ಸುಮ್ನಿದ್ದೋನೂ ನಾನೇ."

ಚಪ್ಪರವೆಲ್ಲ ಕೇಳಿಸಿಕೊಂಡಿತು. ನಮ್ಮಪ್ಪ ನಾಚಿ ನೆಲ ನೋಡಿದರು. ಸಾಹುಕಾರರು ಹುಬ್ಬು ಸಡಿಲಿಸಿ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಮಾತ್ರ ಏನೂ ಆಗದವರಂತೆ ತಮ್ಮವರ ಕಡೆ ತಿರುಗಿ ಕೂಗಿದರು: "ಏನ್ರಪ್ಪಾ ನೋಡ್ತಿದ್ದೀರಿ? ಮಾಪಿಳ್ಳೈ, ಮದುಮಗನೇ ಕರೆದಿದ್ದಾರೆ, ಊದ್ರೀ!"

ಊಟದ ಪಂಕ್ತಿ ಏಳುವ ಮೊದಲೇ ಸಾಹುಕಾರರು ಮಗಳ ಮದುವೆಗೆ ಅವರಿಗೆ ಮತ್ತೆ ವೀಳ್ಯ ಕೊಟ್ಟರು.

ಎಷ್ಟೋ ವರ್ಷಗಳ ಮೇಲೆ, ಬಂಗಾರಪೇಟೆಯಲ್ಲಿ ನನ್ನದೇ ಅಂಗಡಿ ಇದ್ದಾಗ, ಮೇಷ್ಟ್ರು ಹೋಗಿಬಿಟ್ಟರು ಎಂದು ರೈಲಿನಿಂದ ಇಳಿದ ಯಾರೋ ಮಾತಿನ ನಡುವೆ ಅಂದರು. ಬಾಗಿಲು ಹಾಕಿ ಮುಂದಿನ ಗಾಡಿ ಹತ್ತಿದೆ. ಅವರ ಬ್ಯಾಂಡಿನ ಹುಡುಗರು ಗೋರಿಯ ಸುತ್ತ ನಿಂತು ಊದುತ್ತಿದ್ದರು, ಒಬ್ಬನ ಟೋಪಿಯೂ ಸೊಟ್ಟಗಿರಲಿಲ್ಲ. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ನಾನಾಗಿಯೇ ಹೋಗಿದ್ದೆ.