ಖಾನಾಪುರದ ರೆಕ್ಕೆ, ಬೆಳಗಾವಿಯ ಒಡಲು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಸಾಲು ಪುಸ್ತಕಗಳಿವೆ. ನೌಕಾಪಡೆಯ ಹಳೆಯ ಯುದ್ಧವಿಮಾನಗಳನ್ನು ಚಿಕ್ಕ ಮಾದರಿಯಾಗಿ ಮಾಡುವವರಿಗೆಂದೇ ಅಚ್ಚಾದವು. ತೆಳ್ಳಗಿನ, ನುಣುಪು ಕಾಗದದ ಪುಸ್ತಕಗಳು. ಯುದ್ಧದ ಕಥೆ ಹುಡುಕಿದರೆ ಸಿಗುವುದಿಲ್ಲ. ಒಂದು ಪುಟದ ತುಂಬ ಚಕ್ರ, ಇನ್ನೊಂದರ ತುಂಬ ಚಕ್ರ ಮಡಚಿಕೊಳ್ಳುವ ಗೂಡು, ಮತ್ತೊಂದರಲ್ಲಿ ಹಡಗಿನ ಮೇಲೆ ಇಳಿಯುವಾಗ ತಂತಿ ಹಿಡಿಯುವ ಬಾಲದ ಕೊಕ್ಕೆ. ನನ್ನ ಹೆಂಡತಿ ಮೊದಲ ಸಲ ತಿರುವಿ ಹಾಕಿ, "ಇದೇನ್ರೀ, ಮದುವಿ ಆಲ್ಬಮ್ಮಿನ್ಯಾಗ ಬರೇ ಬಳಿ, ಬರೇ ಜುಮಕಿ ತಗದಂಗ ಆತು. ಮದುಮಗಳು ಎಲ್ಲಿ ಅದಾಳ?" ಎಂದು ಕೇಳಿದ್ದಳು. ನಡುವಿನ ಪುಟ ಬಿಡಿಸಿ ತೋರಿಸಿದೆ: ಮೇಲಿನಿಂದ, ಬದಿಯಿಂದ, ಎದುರಿನಿಂದ ಕಂಡಂತೆ ಅಳತೆ ಹಿಡಿದು ಬರೆದ ಪೂರ್ತಿ ವಿಮಾನದ ನಕ್ಷೆ.

ಈ ಪುಸ್ತಕಗಳನ್ನು ನಾನು ಯಾರಿಗೂ ಕೊಟ್ಟು ಕಳಿಸುವುದಿಲ್ಲ. ಖಾನಾಪುರದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನನ್ನ ಗೆಳೆಯನಿಗೂ ಇದು ಗೊತ್ತು. ಒಮ್ಮೆ ಇಬ್ಬರೂ ಗೋವಾಕ್ಕೆ ಹೋಗಿ, ಕಟ್ಟೆಯ ಮೇಲೆ ನಿಲ್ಲಿಸಿದ್ದ ಹಳೆಯ ಸೀ ಹಾಕ್ ವಿಮಾನ ನೋಡಿ ಬಂದೆವು. ಅದನ್ನೇ ಕಟ್ಟಿಗೆಯಲ್ಲಿ ಕೂಡಿ ಮಾಡುವುದೆಂದು ಬಸ್ಸಿನಲ್ಲೇ ಪಾಲು ಹಂಚಿಕೊಂಡೆವು. ಒಡಲು ನನ್ನದು, ರೆಕ್ಕೆ ಅವನದು. ಕಟ್ಟಿಗೆಯನ್ನು ಎಲೆಯಷ್ಟು ತೆಳುವಾಗಿ ಉಜ್ಜುವ ಕೈ ಅವನಿಗಿದೆ. ಆದರೆ ಈವರೆಗೆ ಹಿಡಿದ ಮಾದರಿಗಳನ್ನೆಲ್ಲ ಅವನು ಅರ್ಧಕ್ಕೇ ಬಿಟ್ಟಿದ್ದ. ಇದೊಂದನ್ನಾದರೂ ಪೂರ್ತಿಯಾಗಿ ನೋಡಬೇಕೆಂಬ ಹಟ ಅವನಿಗೆ.

ಒಂದು ರವಿವಾರ ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಗೆ ಬಂದ. ಸೀ ಹಾಕ್ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು, ಅವನಿಗೆ ನಕ್ಷೆಯ ಪ್ರತಿ ತೆಗೆಸಲು ಓಣಿಯ ಝೆರಾಕ್ಸ್ ಅಂಗಡಿಗೆ ಹೋದೆವು. ಬಾಜುವಿನ ಮಗ್ಗಗಳ ಸದ್ದಿನಲ್ಲಿ ಅವನು ಕೂಗಿಯೇ ಹೇಳಬೇಕಾಯಿತು: "ಅಂಚು ಕಟ್ ಆಗಬಾರದು ನೋಡ್ರಿ! ಹೋದ ಸಲ ಬಾಲಾನ ಹಾರಿ ಹೋಗಿತ್ತು!"

"ಚಿಂತಿ ಬಿಡ್ರಿ ಸರ, ಒಂದ ಹಾಳ್ಯಾಗ ಎಲ್ಲಾ ಕುಂದರಸ್ತೀನಿ" ಎಂದ ಅಂಗಡಿಯವನು. ಹಾಗೆಯೇ ಕೂರಿಸಿಯೂ ಕೊಟ್ಟ.

ಮಳೆಗಾಲವಿಡೀ ಗೆಳೆಯನ ಫೋನು. "ಬಲಗಡೆದು ಮುಗೀತು. ಬೆಳಕಿಗೆ ಹಿಡದರ ಅಂಚು ಹೊಳೀತೈತಿ ಲೇ."

ದೀಪಾವಳಿ ಮುಗಿದ ಮೇಲೆ ನಾನು ಒಡಲನ್ನು ಸೀರೆ ಬಾಕ್ಸಿನಲ್ಲಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸಿಗೆ ತಡೆಯಲಾಗಲಿಲ್ಲ. "ವಡಗಾವಿ ಸೀರಿ ಏನ್ರಿ ಅಣ್ಣಾರ? ತಗದ ತೋರಸ್ರಿ, ಬಣ್ಣ ನೋಡೂಣು." ಮುಚ್ಚಳ ತೆಗೆದೆ. ಆಕೆ ಬಗ್ಗಿ ನೋಡಿ, "ಅಯ್ಯ, ಇದಕ್ಕ ಸೆರಗ ಇಲ್ಲಲ್ರೀ!" ಎಂದಳು.

"ಸೆರಗು ಖಾನಾಪುರದಾಗ ಐತ್ರಿ" ಎಂದೆ.

ಗೆಳೆಯ ರೆಕ್ಕೆಗಳನ್ನು ಮಂಚದ ಮೇಲೆ ಬಿಳಿ ಪಂಚೆ ಹಾಸಿ ಇಟ್ಟಿದ್ದ. ಅಷ್ಟು ಚಂದದ ಕೆಲಸ ನಾನು ನೋಡಿರಲಿಲ್ಲ. ಈ ವಿಮಾನದ ರೆಕ್ಕೆ ಒಡಲಿಗೆ ಸೇರುವಲ್ಲೇ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿದೆ. ರೆಕ್ಕೆಯ ಬುಡವನ್ನು ಅಲ್ಲಿಗೆ ಹಿಡಿದೆವು. ಕೂರಲಿಲ್ಲ. ಅಕ್ಕಿಕಾಳಿನಷ್ಟು ಸಂದು. ಇನ್ನೊಂದು ಬದಿಗೂ ಅಷ್ಟೇ.

"ನಿನ್ನಂಗ ನಿನ್ನ ವಿಮಾನದ ಹೊಟ್ಟೀನೂ ಬೆಳದೈತಿ" ಎಂದ.

"ಹೊಟ್ಟಿ ಬರೋಬ್ಬರಿ ಐತಿ. ನಿನ್ನ ರೆಕ್ಕಿ ಸಣ್ಣ ಆಗ್ಯಾವ."

ಮನೆಗೆ ಫೋನ್ ಮಾಡಿ, ನಡುವಿನ ಪುಟದ ಮೂಲೆಯಲ್ಲಿರುವ ಅಳತೆಪಟ್ಟಿಗೆ ಸ್ಕೇಲ್ ಇಟ್ಟು ನೋಡಲು ಹೆಂಡತಿಗೆ ಹೇಳಿದೆ. ಇಲ್ಲಿ ಗೆಳೆಯ ಝೆರಾಕ್ಸ್ ಪ್ರತಿಯ ಅದೇ ಪಟ್ಟಿಗೆ ಸ್ಕೇಲ್ ಇಟ್ಟ. ಅಳತೆ ಕೂಡಲಿಲ್ಲ. ಅಂಚು ಕತ್ತರಿಸದೆ ಕೂರಿಸಲೆಂದು ಅಂಗಡಿಯವನು ಇಡೀ ನಕ್ಷೆಯನ್ನೇ ತುಸು ಕುಗ್ಗಿಸಿದ್ದ. ನಾನು ಪುಸ್ತಕ ನೋಡಿ ಮಾಡಿದೆ, ಅವನು ಝೆರಾಕ್ಸ್ ನೋಡಿ ಮಾಡಿದ.

ಗೆಳೆಯ ರೆಕ್ಕೆಗಳನ್ನು ಎತ್ತಿಕೊಂಡು ಹಿತ್ತಲ ಕಡೆ ನಡೆದ. ಅಲ್ಲಿ ನೀರು ಕಾಯಿಸುವ ಒಲೆ ಉರಿಯುತ್ತಿತ್ತು. ಅವನ ಹೆಂಡತಿ, ನಮ್ಮ ವೈನಿ, ಅಡ್ಡ ನಿಂತರು. "ಮಳಿಗಾಲ ಪೂರ್ತಿ ಮನಿತುಂಬ ಪುಡಿ ಹಾರಿಸಿ, ಈಗ ಒಲಿಗೆ ಹಾಕ್ತೀರೇನು?"

"ಇನ್ನೇನ ಮಾಡ್ಲಿ? ಕಟಗಿ ಏನ ಬೆಳೀತೈತೇನು?" ಎಂದ ಅವನು.

ಖರೇ, ಉಜ್ಜಿದ ಕಟ್ಟಿಗೆ ಬೆಳೆಯುವುದಿಲ್ಲ. ಆದರೆ ಒಡಲನ್ನು ಇನ್ನೊಮ್ಮೆ ಮಾಡಬಹುದು. "ರೆಕ್ಕಿ ಇಲ್ಲೆ ಕೊಡು. ಆ ಝೆರಾಕ್ಸನೂ ಕೊಡು" ಎಂದೆ.

"ಅದು ತಪ್ಪೈತಲ್ಲೋ!"

"ಮೂಗಿನಿಂದ ಬಾಲದತನಕ ಒಂದ ಸಮ ತಪ್ಪೈತಿ. ಅದಕ್ಕ ಹೊಂದೋ ಒಡಲು ಮಾಡಿದರ ಸರಿ ಆಕ್ಕೈತಿ."

"ಆ ಅಳತಿ ಯಾವ ಪುಸ್ತಕದಾಗೂ ಇಲ್ಲ."

"ಇಲ್ಲದಿದ್ರ ಖಾನಾಪುರ ಅಳತಿ ಅನ್ನೂಣು ಬಿಡು."

ಅವನು ನಗಲಿಲ್ಲ. ಆದರೆ ರೆಕ್ಕೆಗಳನ್ನು ಪಂಚೆಯಲ್ಲಿ ಸುತ್ತಿ ಕೈಗೆ ಕೊಟ್ಟ.

ಚಳಿಗಾಲವೆಲ್ಲ ಊಟವಾದ ಮೇಲೆ ಅದೇ ಕೆಲಸ. ಗೋಡೆಗೆ ಝೆರಾಕ್ಸ್ ಅಂಟಿಸಿ, ಕೊಕ್ಕೆ ಮತ್ತು ಚಕ್ರದ ಗೂಡು ಹೇಗಿವೆ ಎಂಬುದಕ್ಕೆ ಮಾತ್ರ ಪುಸ್ತಕ ನೋಡುತ್ತ, ಹೊಸ ಒಡಲು ಕೆತ್ತಿದೆ. ಪ್ರತಿ ಸಲ ರೆಕ್ಕೆಯ ಬುಡಕ್ಕೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಹೆಂಡತಿ ಹಾದುಹೋಗುವಾಗಲೊಮ್ಮೆ, "ಕೂತ್ಲೇನ್ರಿ ಮದುಮಗಳು?" ಎನ್ನುವಳು.

ಶಿವರಾತ್ರಿಯ ಮುಂದಿನ ರವಿವಾರ ಮತ್ತೆ ಖಾನಾಪುರ. ಜೋಡಿಸುವ ಕೆಲಸ ಅವನೇ ಮಾಡಲೆಂದು ನಾನು ಗೋಂದು ಹಚ್ಚಿಕೊಟ್ಟು ದೂರ ಕೂತೆ. ರೆಕ್ಕೆ ಎರಡೂ ಕಡೆ ಸಂದಿಲ್ಲದೆ ಕೂತವು. ಅಂಟು ಹಿಡಿಯುವವರೆಗೆ ಕೈ ಬಿಡುವಂತಿಲ್ಲ. ಅವನು ಉಸಿರು ಬಿಗಿಹಿಡಿದು ಎರಡೂ ಬದಿ ಒತ್ತಿಕೊಂಡು ಕೂತ. ವೈನಿ ಚಹಾ ತಂದವರು ಅವನ ಕೈ ನೋಡಿ, ಕಪ್ಪಿನಿಂದ ಬಸಿಗೆ ಸುರುವಿ, ಊದಿ, ತಾವೇ ಅವನ ಬಾಯಿಗೆ ಹಿಡಿದರು.

"ಕೂಸಿಗೆ ಕುಡಿಸಿದಂಗ ಆತು ನೋಡ್ರಿ ಅಣ್ಣಾರ" ಎಂದು ನನ್ನ ಕಡೆ ತಿರುಗಿ ನಕ್ಕರು.

"ನಗಸಬ್ಯಾಡ ಮಾರಾಯ್ತಿ, ಅಲಗಾಡತೈತಿ" ಎಂದ ಅವನು, ವಿಮಾನದಿಂದ ಕಣ್ಣು ತೆಗೆಯದೆ.