ಶರಣಪ್ಪನ ಮಾತಿನ ಮರಾಠಿ

ಶರಣಪ್ಪ ಅಂದು ಹೇಳಿದ್ದು ಒಂದು, ನಾನು ಅದನ್ನು ಮರಾಠಿಯಲ್ಲಿ ಜನಕ್ಕೆ ಹೇಳಿದ್ದು ಇನ್ನೊಂದು. ಬಾಯಿ ತಪ್ಪಿ ಅಲ್ಲ, ಭಾಷೆ ಬಾರದೆಯೂ ಅಲ್ಲ — ತಿಳಿದೂ ತಿಳಿದೂ ತಿರುಚಿ ಹೇಳಿದೆ. ಹಾಡಹಗಲು, ನಡುರಸ್ತೆಯಲ್ಲಿ, ಐವತ್ತು ಜನರ ಮುಂದೆ. ಅವನಿಗೆ ಏಟು ಬಿದ್ದವು, ಕೆಲಸ ಹೋಯಿತು. ನನಗೆ ಅದೇ ಜನ ದೇವರಂಥ ಮನುಷ್ಯ ಎಂದರು. ಏಳು ವರ್ಷದಿಂದ ಆ ಹೊಗಳಿಕೆಯನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಸಾಕಾಗಿದೆ.

ನಾನು ಲಾರಿಯವನು. ಊರು ಇಂಡಿ ತಾಲ್ಲೂಕಿನಲ್ಲಿ, ಇರುವುದು ಪುಣೆಯ ಭೋಸರಿಯಲ್ಲಿ. ಹದಿನಾಲ್ಕು ವರ್ಷ ಇನ್ನೊಬ್ಬರ ಗಾಡಿ ಓಡಿಸಿ ಆಮೇಲೆ ಸ್ವಂತದ್ದು ಮಾಡಿಕೊಂಡೆ. ಮಾಲೀಕನೂ ನಾನೇ, ಡ್ರೈವರನೂ ನಾನೇ, ಕ್ಲೀನರನೂ ನಾನೇ. ಕೇಳಿದವರು "ಯಾರ ಹಂಗೂ ಇಲ್ಲ ಬಿಡಪ್ಪ, ರಾಜ ನೀನು" ಎನ್ನುತ್ತಾರೆ. ರಾಜನಂತೆ! ಕಂಪನಿ ಗೇಟಿನ ಮುಂದೆ ಮೂರು ತಾಸು ಬಿಸಿಲಲ್ಲಿ ನಿಲ್ಲಿಸುತ್ತಾರೆ, ಪಾಯಿಖಾನೆ ಎಲ್ಲಿ ಎಂದರೆ ಬೇಲಿಯ ಕಡೆ ಕೈ ತೋರಿಸುತ್ತಾರೆ. ಎಲ್ಲಿ ಏನೇ ಆಗಲಿ, ಮೊದಲ ಏಟು ಲಾರಿಯವನ ಕಪಾಳಕ್ಕೆ. ಲೋಣಾವಳಾ ಘಾಟಿನಲ್ಲಿ ಒಮ್ಮೆ ಗಾಡಿ ಪಕ್ಕಕ್ಕೆ ಹಾಕಿ ರೊಟ್ಟಿ ತಿನ್ನುತ್ತ ಕುಳಿತಿದ್ದೆ. ಕಾರಿನವನೊಬ್ಬ ಹಿಂದಿನಿಂದ ಬಂದು ತಾನೇ ಗುದ್ದಿದ. ಇಳಿದು ಬಂದವನು ನನ್ನನ್ನೇ ಎಳೆದು ಹಾಕಿ ಹೊಡೆದ — ಬಾಯಲ್ಲಿದ್ದ ತುತ್ತು ಇನ್ನೂ ನುಂಗಿರಲಿಲ್ಲ. ಸುತ್ತ ನಿಂತವರಲ್ಲಿ ಒಬ್ಬನಾದರೂ ಬಾಯಿ ಬಿಟ್ಟನೇ? ಕೇಳುವವರಿಲ್ಲದವನ ಮೇಲೆ ಕೈ ಮಾಡುವವರನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಬಾಯಿ ಮುಚ್ಚಿಕೊಂಡು ನೋಡುತ್ತ ನಿಂತವರನ್ನು ನೆನೆದರೆ ಇನ್ನೂ ಉರಿಯುತ್ತದೆ. ಇಷ್ಟೆಲ್ಲ ಉರಿಯುವವನು ನಾನು ಮಾಡಿದ್ದೇನು ಎಂಬುದನ್ನು ಈಗ ಹೇಳುತ್ತೇನೆ.

ಭೋಸರಿಯ ಕಾರ್ಖಾನೆಗಳ ನಡುವೆ ಒಂದು ಏರುರಸ್ತೆ ಇದೆ. ಆಗ ಅದರ ಒಂದು ಬದಿಯನ್ನು ನೀರಿನ ಪೈಪು ಹಾಕಲು ಅಗೆದಿದ್ದರು. ಮಧ್ಯಾಹ್ನದ ಹೊತ್ತು, ಮಳೆ ಬಂದು ಬಿಟ್ಟಿತ್ತು. ಗಾಡಿ ತುಂಬ ಕಬ್ಬಿಣದ ಮಾಲು. ಏರಿನ ಅರ್ಧಕ್ಕೆ ಹೋದಾಗ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಇಂಜಿನ್ ನಿಂತುಹೋಯಿತು. ತುಂಬಿದ ಗಾಡಿ ಏರಿನಲ್ಲಿ ನಿಂತರೆ ಹ್ಯಾಂಡ್ ಬ್ರೇಕನ್ನು ಯಾವ ಡ್ರೈವರನೂ ನಂಬುವುದಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಲೇಬೇಕು. ನಾನೋ ಒಬ್ಬನೇ. ಬ್ರೇಕಿನಿಂದ ಕಾಲು ತೆಗೆಯಲು ಧೈರ್ಯವಿಲ್ಲ, ತೆಗೆಯದೆ ಇಳಿಯುವಂತಿಲ್ಲ. ಗಾಬರಿಯಲ್ಲಿ ಮರಾಠಿ, ಹಿಂದಿ ಎಲ್ಲ ಮರೆತು ಕನ್ನಡದಲ್ಲೇ ಕೂಗಿಕೊಂಡೆ — "ಕಲ್ಲ ಕೊಡ್ರೋ! ಯಾರರೆ ಒಂದು ಕಲ್ಲ ಕೊಡ್ರೋ!"

ಗುಂಡಿಯ ಕಡೆಯಿಂದ ಒಬ್ಬ ಎರಡೂ ಕೈಯಲ್ಲಿ ದೊಡ್ಡ ಕಲ್ಲು ಹಿಡಿದು ಓಡಿ ಬಂದು ಚಕ್ರದ ಹಿಂದೆ ಕೊಟ್ಟ. ಅವನೇ ಶರಣಪ್ಪ. ಸೇಡಂ ಕಡೆಯವನು, ಆ ಕೆಲಸದ ಜಾಗ ಕಾಯುವ ವಾಚ್‌ಮನ್. ರಸ್ತೆ ಬದಿಯ ತಗಡಿನ ಶೆಡ್ಡೇ ಅವನ ಮನೆ. ಹೆಂಡತಿ ಅದೇ ಗುಂಡಿಯಲ್ಲಿ ಮಣ್ಣು ಹೊರುತ್ತಿದ್ದಳು. ನಾನು ಪೈಪಿನ ಗಾಳಿ ತೆಗೆದು ಮುಗಿಸುವವರೆಗೂ ಅವನು ಚಕ್ರದ ಹತ್ತಿರ ಕಾದು ನಿಂತ. ಆಮೇಲೆ ಕೈ ತೊಳೆಯಲು ತಂಬಿಗೆಯಲ್ಲಿ ನೀರು ತಂದು ಹುಯ್ದ. ಪುಣೆಗೆ ಬಂದು ಎರಡೇ ತಿಂಗಳಂತೆ, ಇಲ್ಲಿನ ಮಾತು ಇನ್ನೂ ಬಾಯಿಗೆ ಹತ್ತಿಲ್ಲವಂತೆ. ಕನ್ನಡ ಕೇಳಿ ಅವನ ಮುಖ ಎಷ್ಟು ಅರಳಿತ್ತೆಂದರೆ — ಇರಲಿ. ಹೋಗುವ ಮುಂಚೆ ಅವನು ಹೇಳಿದ ಮಾತು ಇದು:

"ಅಣ್ಣಾರ, ಹೋಗೂಮುಂದ ಕಲ್ಲ ಬಾಜೂಕ ಸರಿಸಿ ಹೋಗ್ರಿ. ಪಾಳಿ ಬಿಡೂ ಹೊತ್ತಾತು, ಸ್ಕೂಟಿ, ಬೈಕ್ ಮ್ಯಾಲ ಮಂದಿ ಭಾಳ ಬರ್ತಾರ್ರಿ."

"ಆಯ್ತಪಾ, ತಗೀತೀನಿ. ನೀ ಹೋಗು" ಎಂದೆ. ಅವನು ಗುಂಡಿಯ ಆ ತುದಿಗೆ ಹೋದ.

ಲಾರಿಯವರಲ್ಲದವರಿಗೆ ಇದೊಂದನ್ನು ಬಿಡಿಸಿ ಹೇಳಬೇಕು. ಏರಿನಲ್ಲಿ ಮೊದಲು ಕಲ್ಲು ತೆಗೆದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಗಾಡಿ ಹೊರಟ ಮೇಲೆ ಕಲ್ಲು ರಸ್ತೆಯಲ್ಲೇ ಹಿಂದೆ ಉಳಿಯುತ್ತದೆ. ಜೊತೆಗೆ ಇನ್ನೊಬ್ಬನಿದ್ದರೆ ಎತ್ತಿ ಹಾಕುತ್ತಾನೆ. ಒಬ್ಬನೇ ಇದ್ದರೆ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ನಡೆದು ಬಂದು ತೆಗೆಯಬೇಕು. ಒಂಟಿ ಡ್ರೈವರುಗಳು ತೆಗೆಯುವುದಿಲ್ಲ. ನಮ್ಮ ದೇಶದ ಯಾವ ಘಾಟಿಗಾದರೂ ಹೋಗಿ ನೋಡಿ, ರಸ್ತೆಯ ನಡುವೆ ದಿಕ್ಕಿಲ್ಲದೆ ಕುಳಿತ ಕಲ್ಲುಗಳೆಲ್ಲ ನಮ್ಮವೇ. ಕೆಲಸ ಆಯಿತು, ಗಾಡಿ ಹೊರಟಿತು, ಮುಂದೆ ಬರುವವನ ಹಣೆಬರಹ! ಇದಕ್ಕೆ ನಾವು ಇಟ್ಟುಕೊಂಡ ಹೆಸರು ರೂಢಿ. ನನಗೀಗ ಅದನ್ನು ಕೇಳಿದರೆ ಉಗಿಯಬೇಕು ಅನ್ನಿಸುತ್ತದೆ.

ಏರು ಹತ್ತಿದ ಮೇಲೆ ಕನ್ನಡಿಯಲ್ಲಿ ಕಲ್ಲು ಕಂಡಿತು. ಹೌದು, ಕಂಡಿತು. ಮೂವತ್ತು ಹೆಜ್ಜೆ ಇದ್ದೀತು. ಮುಂದೆ ಕಂಪನಿ ಗೇಟಿನವನು ನನ್ನ ಪಾಳಿ ಬಂತೆಂದು ಸೀಟಿ ಹೊಡೆಯುತ್ತಿದ್ದ. ತಡ ಮಾಡಿದರೆ ಸಾಲಿನ ಕೊನೆಗೆ ತಳ್ಳುತ್ತಾನೆ — ಇದನ್ನು ಏಳು ವರ್ಷ ನನಗೆ ನಾನೇ ಹೇಳಿಕೊಂಡೆ. ಸೀಟಿ ಹೊಡೆದದ್ದು ಅವನ ಕೆಲಸ. ಮೂವತ್ತು ಹೆಜ್ಜೆ ನಡೆಯುವುದು ನನ್ನ ಕೆಲಸವಾಗಿತ್ತು, ನಡೆಯಲಿಲ್ಲ.

ಮಾಲು ಇಳಿಸುತ್ತಿದ್ದಾಗ ಗಲಾಟೆ ಕೇಳಿತು. ಹೊರಗೆ ಓಡಿದೆ. ಪಾಳಿ ಮುಗಿಸಿ ಸ್ಕೂಟಿಯಲ್ಲಿ ಏರು ಇಳಿದು ಬರುತ್ತಿದ್ದ ಹುಡುಗಿಯೊಬ್ಬಳು ಆ ಕಲ್ಲಿಗೆ ಹಾಯ್ದು ಬಿದ್ದಿದ್ದಳು. ಸುವರ್ಣಾ ಎಂದು ಆಮೇಲೆ ಹೆಸರು ತಿಳಿಯಿತು. ಎದ್ದು ಕೂರಲು ನೋಡುತ್ತಾಳೆ, ಸೊಂಟದ ಕೆಳಗೆ ಏನೂ ಏಳುತ್ತಿಲ್ಲ. "ಆಯೀ, ಆಯೀ" ಎಂದು ತಾಯಿಯನ್ನು ಕರೆಯುತ್ತಿದ್ದಳು. ಕಲ್ಲು ಗುಂಡಿಯ ರಾಶಿಯದ್ದೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ಜನ ಶರಣಪ್ಪನ ಕುತ್ತಿಗೆಪಟ್ಟಿ ಹಿಡಿದಿದ್ದರು.

ಅವನು ನನ್ನನ್ನು ನೋಡಿದ. ನೋಡಿದ ಕೂಡಲೇ ಅವನ ಮುಖದ ಮೇಲಿನ ಹೆದರಿಕೆ ಇಳಿಯಿತು. ಅದನ್ನು ಕಣ್ಣಾರೆ ಕಂಡೆ. ತನ್ನವನು ಬಂದ, ಇನ್ನು ಚಿಂತೆಯಿಲ್ಲ ಎಂದುಕೊಂಡಿರಬೇಕು.

"ಈ ಕಲ್ಲ ಈ ಲಾರಿ ಅಣ್ಣಾರದ್ರಿ. ತಗೀತೀನಿ ಅಂದಿದ್ರು, ತಗದಿಲ್ರಿ. ಹೇಳ್ರಿ ಅಣ್ಣಾರ, ನೀವರೆ ಹೇಳ್ರಿ ಇವ್ರಿಗಿ!"

ಯಾರಿಗೂ ಅರ್ಥವಾಗಲಿಲ್ಲ. ಗೇಟಿನವನು ನನ್ನ ಕಡೆ ತಿರುಗಿ, "ಡ್ರೈವರಸಾಹೇಬ, ತುಮ್ಹೀ ಕಾನಡೀ ನಾ? ಹಾ ಕಾಯ ಮ್ಹಣತೋಯ?" ಎಂದ. ಇವನು ಏನು ಹೇಳುತ್ತಿದ್ದಾನೆ ಎಂದು ಅವನ ಪ್ರಶ್ನೆ.

ಐವತ್ತು ಮುಖಗಳು ನನ್ನ ಬಾಯಿ ನೋಡುತ್ತಿದ್ದವು. ಗೇಟಿನೊಳಗೆ ನನ್ನ ಗಾಡಿ ನಿಂತಿತ್ತು. ಕೂಲಿಯ ಡ್ರೈವರನಾದರೆ ಬಿಟ್ಟು ಓಡಿಹೋಗಬಹುದು. ಸ್ವಂತ ಗಾಡಿಯವನು ಎಲ್ಲಿಗೆ ಓಡಬೇಕು? ಗಾಜು ಒಡೆಯುತ್ತಾರೆ, ಬೆಂಕಿ ಇಡುತ್ತಾರೆ, ಪೊಲೀಸರು ಎಳೆದುಕೊಂಡು ಹೋಗುತ್ತಾರೆ... ಘಾಟಿನಲ್ಲಿ ತಿಂದ ಏಟುಗಳೆಲ್ಲ ನೆನಪಾದವು. ಇಷ್ಟು ಯೋಚಿಸಲು ಎಷ್ಟು ಹೊತ್ತು ಬೇಕು? ಒಂದು ಉಸಿರು. ಆಮೇಲೆ ನನ್ನ ಬಾಯಿಂದ ಬಂದದ್ದು:

"ಚೂಕ ಝಾಲೀ ಮ್ಹಣತೋಯ. ದಗಡ ಉಚಲಾಯಚಾ ರಾಹಿಲಾ ಮ್ಹಣತೋಯ."

ತಪ್ಪಾಯಿತು ಎನ್ನುತ್ತಿದ್ದಾನೆ. ಕಲ್ಲು ಎತ್ತುವುದು ಉಳಿದುಹೋಯಿತು ಎನ್ನುತ್ತಿದ್ದಾನೆ.

ಶರಣಪ್ಪನಿಗೆ ಮರಾಠಿ ಬರುತ್ತಿರಲಿಲ್ಲ, ನಿಜ. ಆದರೆ "ಚೂಕ ಝಾಲೀ" ಎಂಬ ಎರಡು ಮಾತು ಪುಣೆಗೆ ಬಂದ ಕೂಲಿಯವನು ಮೊದಲ ವಾರವೇ ಕಲಿಯುತ್ತಾನೆ; ಕಲಿಯದೆ ಇಲ್ಲಿ ಬದುಕುವಂತಿಲ್ಲ. ಅವನಿಗೆ ಗೊತ್ತಾಯಿತು. ಮೊದಲ ಏಟು ಬೀಳುವ ಮೊದಲೇ ಅವನು ಮಾತು ನಿಲ್ಲಿಸಿದ. ನನ್ನ ಮೇಲಿಂದ ಕಣ್ಣು ಮಾತ್ರ ತೆಗೆಯಲಿಲ್ಲ. ಅವನ ಹೆಂಡತಿ ಬುಟ್ಟಿ ಎಸೆದು ಓಡಿ ಬಂದಳು, ಅವಳನ್ನೂ ನೂಕಿದರು. ಕಂತ್ರಾಟುದಾರನ ಕಡೆಯವನು ಬಂದು ಅಲ್ಲಿಯೇ ಅವನ ಮೈಮೇಲಿನ ಕಿತ್ತಳೆ ಜಾಕೀಟು ಬಿಚ್ಚಿಸಿಕೊಂಡು, ಶೆಡ್ಡು ಖಾಲಿ ಮಾಡು ಎಂದ.

ನಾನು? ನಾನು ಸುವರ್ಣಾಳನ್ನು ಎತ್ತಿ ರಿಕ್ಷಾದಲ್ಲಿ ಮಲಗಿಸಿ ಆಸ್ಪತ್ರೆಗೆ ಕರೆದೊಯ್ದೆ. ಅವಳ ತಾಯಿ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು, "ದೇವಮಾಣೂಸ" ಎಂದಳು. ಒತ್ತಿಸಿಕೊಂಡೆ. ಇಂಥ ನಾಚಿಕೆಗೇಡಿಗೆ ಇನ್ನೇನು ಹೇಳಬೇಕು! ಅಷ್ಟೇ ಅಲ್ಲ, ರಸ್ತೆ ಕೆಲಸದವರ ಬೇಜವಾಬ್ದಾರಿಯ ಬಗ್ಗೆ ಆ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರಿಗಿಂತ ಜೋರಾಗಿ ಸಿಟ್ಟು ಮಾಡಿದವನೂ ನಾನೇ. ಸುವರ್ಣಾ ಇಂದಿಗೂ ಎಡಗಾಲು ಎಳೆದು ನಡೆಯುತ್ತಾಳೆ. ಭೋಸರಿಯ ಸಂತೆಯಲ್ಲಿ ಸಿಕ್ಕರೆ "ಕಾಕಾ" ಎಂದು ನಗುತ್ತಾಳೆ. ನಾನೂ ನಗುತ್ತೇನೆ.

ಅಂದಿನಿಂದ ರಸ್ತೆಯಲ್ಲಿ ಕಲ್ಲು ಕಂಡರೆ ಇಳಿದು ಪಕ್ಕಕ್ಕೆ ಹಾಕುತ್ತೇನೆ. ಹಾಕದೆ ಹೋಗುವ ಡ್ರೈವರುಗಳನ್ನು ತಡೆದು ಬಾಯಿಗೆ ಬಂದಂತೆ ಬಯ್ಯುತ್ತೇನೆ. ಎಷ್ಟು ಕಲ್ಲು ತೆಗೆದರೇನು, ತೆಗೆಯಬೇಕಾಗಿದ್ದ ಆ ಒಂದು ಕಲ್ಲು ಅವುಗಳಲ್ಲಿ ಇಲ್ಲವಲ್ಲ.

ಕಳೆದ ವಾರ ಖರಾಡಿಯಲ್ಲಿ ಹೊಸದಾಗಿ ಏಳುತ್ತಿರುವ ಅಪಾರ್ಟ್‌ಮೆಂಟಿಗೆ ಟೈಲ್ಸ್ ಒಯ್ದಿದ್ದೆ. ಬೆಳಗಿನ ಹತ್ತು ಗಂಟೆ. ಒಳಗೆ ಹೋಗುವ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುತ್ತಿದ್ದಂತೆ ವಾಚ್‌ಮನ್ ಕಲ್ಲು ತಂದು ಚಕ್ರಕ್ಕೆ ಕೊಟ್ಟ. ಅವನು ಕೊಟ್ಟು ನೆಟ್ಟಗಾದಾಗ ನೋಡಿದೆ — ಶರಣಪ್ಪ. ಕೂದಲು ಬಿಳಿಯಾಗಿತ್ತು. ಅವನೂ ನೋಡಿದ. ಮಾಲು ಇಳಿಸುವ ಎರಡು ತಾಸು ನಾನು ಕ್ಯಾಬಿನ್ನಿನಿಂದ ಕೆಳಗಿಳಿಯಲಿಲ್ಲ. ಹೊರಡುವಾಗ ಅವನೇ ಬಾಗಿಲ ಹತ್ತಿರ ಬಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಹೋಗ್ರಿ ಅಣ್ಣಾರ. ಈ ಸರ್ತಿ ಕಲ್ಲ ನಾನೇ ತಗೀತೀನ್ರಿ."

ಬಯ್ದಿದ್ದರೆ ಚೆನ್ನಾಗಿತ್ತು. ಗಾಜಿಗೆ ಅದೇ ಕಲ್ಲು ಎಸೆದಿದ್ದರೂ ಚೆನ್ನಾಗಿತ್ತು. ನಾನು ಗಾಡಿ ಎತ್ತಿಕೊಂಡು ಹೊರಟುಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಅವನು ಬಗ್ಗಿ ಕಲ್ಲು ಎತ್ತುತ್ತಿದ್ದ. ಎರಡನೆಯ ಸಲವೂ ತಪ್ಪಿಸಿಕೊಂಡು ಬಂದೆ ನಾನು. ಈ ಸಲ ಹೊಡೆಯುವ ಜನ ಕೂಡ ಯಾರೂ ಇರಲಿಲ್ಲ.

ಭಾನುವಾರ ಖರಾಡಿಗೆ ಹೋಗುತ್ತೇನೆ, ಲಾರಿ ಬಿಟ್ಟು, ಬಸ್ಸಿನಲ್ಲಿ. ಶರಣಪ್ಪ ಜೊತೆಗೆ ಬಂದರೆ ಅವನೊಡನೆ, ಬಾರೆನೆಂದರೆ ನಾನೊಬ್ಬನೇ ಸುವರ್ಣಾಳ ಮನೆಗೆ ಹೋಗುತ್ತೇನೆ. ಅಲ್ಲಿಂದ ಅದೇ ಕಂಪನಿಯ ಗೇಟಿಗೆ. ಅಂದಿನ ಗೇಟಿನವನು ಈಗಲೂ ಅಲ್ಲಿದ್ದಾನೆ. ಅವರು ಕ್ಷಮಿಸಲಿ ಎಂದು ಹೋಗುತ್ತಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ. ಗೇಟಿನವನು ಅಂದು ನನ್ನನ್ನು ಒಂದು ಪ್ರಶ್ನೆ ಕೇಳಿದ್ದ — ಇವನು ಏನು ಹೇಳುತ್ತಿದ್ದಾನೆ ಎಂದು. ಅದಕ್ಕೆ ಉತ್ತರ ಕೊಡುವುದು ಬಾಕಿ ಇದೆ. ಶರಣಪ್ಪ ಹೇಳಿದ್ದರ ಮರಾಠಿ ಇದು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ:

"ಹಾ ದಗಡ ಹ್ಯಾ ಡ್ರೈವರಚಾ ಆಹೇ. ಉಚಲತೋ ಮ್ಹಣಾಲಾ ಹೋತಾ, ಉಚಲಲಾ ನಾಹೀ."

ಈ ಕಲ್ಲು ಈ ಡ್ರೈವರನದು. ಎತ್ತುತ್ತೇನೆ ಎಂದಿದ್ದ, ಎತ್ತಲಿಲ್ಲ.